ಕರೆಸಿದವರ ಮನೆಗೆ

ಮುಂಬೈನ ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದೆ. ರಿಟೈರ್ ಆದ ಮೇಲೆ ನಮ್ಮ ಕನ್ನಡ ಸಭೆಯಲ್ಲಿ ರೋಗಿಗಳ ಮನೆಗೆ ಹೋಗುವ ಕೆಲಸ ವಹಿಸಿಕೊಂಡೆ. ನಮ್ಮದು ಚಿಕ್ಕ ಸಭೆ. ಬೀದರ್, ಕಲಬುರಗಿ, ರಾಯಚೂರು ಕಡೆಯವರೇ ಜಾಸ್ತಿ, ಮಂಗಳೂರಿನ ನಾಲ್ಕೈದು ಮನೆಗಳಿವೆ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನಲ್ಲಿ ನಾವು ಸೇರುತ್ತೇವೆ.

ಮೊದಲ ವರ್ಷವೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಅದು 2019. ಘಾಟ್ಕೋಪರ್ ಕಡೆಯ ಗುಡ್ಡದ ವಸ್ತಿಯಲ್ಲಿ ರಾಯಚೂರಿನ ಒಬ್ಬ ತಂಗಿ ಇದ್ದಳು. ಮೂರು ಮನೆಯಲ್ಲಿ ಪಾತ್ರೆ, ಬಟ್ಟೆ ಕೆಲಸ ಮಾಡುತ್ತಿದ್ದಳು. ಕೆಮ್ಮು ಮೂರು ವಾರ ದಾಟಿತ್ತು, ಸಂಜೆಯಾದರೆ ಜ್ವರ. ನಾನೇ ದವಾಖಾನೆಗೆ ಕರೆದುಕೊಂಡು ಹೋದೆ. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು. ಮರುದಿನವೇ ಮಾತ್ರೆ ಶುರುವಾಯಿತು. ನನಗೆ ಎಷ್ಟು ಸಮಾಧಾನ ಆಯಿತೆಂದರೆ, ಆ ಗುರುವಾರದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಹೇಳಿಯೇಬಿಟ್ಟೆ: "ನಮ್ಮ ತಂಗಿಗೆ ಟಿಬಿ ಆಗಿದೆ, ಎಲ್ಲರೂ ಪ್ರಾರ್ಥನೆ ಮಾಡಿ."

ರಾತ್ರಿಯೊಳಗೆ ಅದು ವಾಟ್ಸ್ಯಾಪ್‌ನಲ್ಲಿ ಓಡಾಡಿತು. ಸೋಮವಾರ ಎರಡು ಮನೆಯವರು ಅವಳಿಗೆ ಕೆಲಸಕ್ಕೆ ಬರಬೇಡ ಅಂದರು. ಎರಡು ಭಾನುವಾರ ಅವಳು ಸಭೆಗೆ ಬರಲಿಲ್ಲ. ನಾನು ಮೆಟ್ಟಿಲು ಹತ್ತಿ ಹೋದಾಗ ಬಾಗಿಲು ಅರ್ಧ ತೆರೆದು, ಒಳಗೆ ಬನ್ನಿ ಅನ್ನದೆ ನಿಂತಳು. "ನಾ ನಿಮಗೊಬ್ಬರಿಗೇ ಹೇಳಿದ್ದೆ ಅಕ್ಕಾ" ಅಂದಳು. ಅಷ್ಟೇ. ಆಮೇಲೆ ಗೊತ್ತಾಯಿತು, ದವಾಖಾನೆ ಸಾಲಿನಲ್ಲಿ ಯಾರಾದರೂ ನೋಡಿಬಿಡುತ್ತಾರೆ ಅಂತ ಒಂಬತ್ತು ದಿನ ಮಾತ್ರೆಯನ್ನೇ ತಂದಿರಲಿಲ್ಲ. ಟಿಬಿ ಮಾತ್ರೆ ನಡುವೆ ಬಿಟ್ಟರೆ ಏನಾಗುತ್ತದೆ ಅಂತ ವಾರ್ಡಿನಲ್ಲಿ ಕಣ್ಣಾರೆ ನೋಡಿದವಳು ನಾನು. ಅದಕ್ಕೆ ನನ್ನ ಬಾಯಿಯೇ ಕಾರಣ ಆಯಿತಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಕಾಲು ಹಿಡಿಯುವ ಹಾಗೆ ಕ್ಷಮೆ ಕೇಳಿದೆ. ಡಾಕ್ಟರು ತಪ್ಪಿದ ದಿನಗಳನ್ನು ಸೇರಿಸಿ ಕೋರ್ಸ್ ಪೂರ್ತಿ ಮಾಡಿಸುವುದಾಗಿ ಹೇಳಿದರು. ಅವಳನ್ನು ಸಾಲಿನಲ್ಲಿ ನಿಲ್ಲಿಸದೆ, ದವಾಖಾನೆಯವರನ್ನು ಕೇಳಿಕೊಂಡು ಕೆಲವು ವಾರ ನಾನೇ ಮಾತ್ರೆ ತಂದುಕೊಟ್ಟೆ. ಮಾತ್ರೆ ತಿಂದರೆ ಮೂತ್ರ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ಬರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ರಕ್ತ ಹೋಗುತ್ತಿದೆ ಅಂತ ಹೆದರಿದ್ದಳು. ಅದು ಔಷಧಿಯ ಬಣ್ಣ ಅಷ್ಟೇ ಅಂತ ಹೇಳಿದಾಗ ಮೊದಲ ಸಲ ನನ್ನ ಮುಖ ನೋಡಿದಳು.

ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಅಲ್ಲಿದೆ. ನಾವು ಎಣ್ಣೆ, ಪ್ರಾರ್ಥನೆ ಎರಡನ್ನೂ ಹಿಡಿದುಕೊಂಡೆವು. ಕರೆಸುವವನು ರೋಗಿ ಅನ್ನುವುದನ್ನು ಮಾತ್ರ ನಾನು ಅಷ್ಟು ವರ್ಷ ಓದಿಯೂ ನೋಡಿರಲಿಲ್ಲ. ಯಾರನ್ನು ಕರೆಯಬೇಕು, ಎಷ್ಟು ಜನಕ್ಕೆ ಹೇಳಬೇಕು ಅನ್ನುವುದು ಅವರ ಕೈಯಲ್ಲಿರಬೇಕು ಅಲ್ವಾ?

ಪಾಸ್ಟರ ಜೊತೆ ಕೂತು ಕ್ರಮ ಬದಲಾಯಿಸಿದೆವು. ಈಗ ಯಾರಿಗಾದರೂ ಹುಷಾರಿಲ್ಲ ಅಂದರೆ ಮೊದಲು ಅವರನ್ನೇ ಕೇಳುತ್ತೇವೆ: ಹೆಸರು ಹೇಳಬಹುದಾ, ಕಾಯಿಲೆ ಹೇಳಬಹುದಾ, ಮನೆಗೆ ಯಾರು ಬರಲಿ? ಗ್ರೂಪಿನಲ್ಲಿ "ಒಬ್ಬ ಸಹೋದರಿಗಾಗಿ ಪ್ರಾರ್ಥಿಸಿ" ಅಂತ ಮಾತ್ರ ಹಾಕುತ್ತೇವೆ. ಯಾವ ಸಹೋದರಿ ಅಂತ ದೇವರಿಗೆ ಗೊತ್ತಿರುತ್ತದೆ. ಎಚ್‌ಐವಿ ಇದ್ದವರ ವಿಷಯ ಅವರ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬಾರದು ಅಂತ 2017ರ ಕಾನೂನೇ ಇದೆ. ಬೇರೆ ಕಾಯಿಲೆಗೂ ಅದೇ ಮರ್ಯಾದೆ ಇರಲಿ ಅಂತ ನನ್ನ ಹಟ. ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ. "ಸಭೆ ಅಂದರೆ ಒಂದೇ ಕುಟುಂಬ, ಮುಚ್ಚಿಡೋದು ಏನು?" ಅಂದರು. ಆ ಕುಟುಂಬದ ಒಂದು ಮಾತಿನಿಂದಲೇ ಒಬ್ಬಳ ಅನ್ನ ಹೋಯಿತು ಅಂತ ನಾನು ಹೇಳಬೇಕಾಯಿತು.

ಈಗ ಶನಿವಾರ ಶನಿವಾರ ಹೋಗುತ್ತೇನೆ. ಚೀಲದಲ್ಲಿ ಬಿಪಿ ಮಶೀನ್, ಗ್ಲೂಕೋಮೀಟರ್, ಸತ್ಯವೇದ, ಚಿಕ್ಕ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ. ಹೋದ ತಕ್ಷಣ ಪ್ರಾರ್ಥನೆ ಶುರು ಮಾಡುವುದಿಲ್ಲ. ಅವರು ಚಾಪೆ ಮೇಲಿದ್ದರೆ ನಾನೂ ಚಾಪೆ ಮೇಲೆ. ಇವತ್ತು ಏನು ಉಂಡಿರಿ ಅಂತ ಕೇಳುತ್ತೇನೆ. ಮಾತ್ರೆ ಡಬ್ಬಿ ತರಿಸಿ, ಪಟ್ಟಿಯಲ್ಲಿ ಎಷ್ಟು ಉಳಿದಿವೆ ಅಂತ ಎಣಿಸುತ್ತೇನೆ. ಬಾಯಿ ಹೇಳದ್ದನ್ನು ಆ ಪಟ್ಟಿ ಹೇಳುತ್ತದೆ. ಕೊನೆಗೆ "ಏನಂತ ಬೇಡಿಕೊಳ್ಳಲಿ?" ಅಂತ ಕೇಳುತ್ತೇನೆ. ಪಾರ್ಶ್ವವಾಯು ಆಗಿ ಮಲಗಿದ್ದ ಒಬ್ಬ ಅಜ್ಜ ಕೈ ಕಾಲಿನ ಮಾತೇ ಎತ್ತಲಿಲ್ಲ. "ಮಗ ಪುಣೆದಾಗ ಅದಾನ, ಒಂದ್ಸಲ ಫೋನ್ ಮಾಡ್ಲಿ ಅಂತ ಕೇಳ್ರಿ" ಅಂದರು. ಹಾಗೇ ಪ್ರಾರ್ಥಿಸಿದೆ. ಆಸ್ಪತ್ರೆಯಲ್ಲಿ ಹಿಂದಿ, ಮರಾಠಿಯಲ್ಲಿ ತಡವರಿಸಿದ ಮನುಷ್ಯನ ಬಾಯಿಂದ ಇಂಥ ಮಾತು ತನ್ನ ಭಾಷೆಯಲ್ಲೇ ಬರಬೇಕು.

ಉಪವಾಸ ಪ್ರಾರ್ಥನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ತಿಂಗಳ ಕೊನೆಯ ಶುಕ್ರವಾರ ನಮ್ಮಲ್ಲಿ ಇದು ಇರುತ್ತದೆ. ಒಮ್ಮೆ ಕೀರ್ತನೆ ನಡುವೆ ಒಬ್ಬ ಅಮ್ಮ ಬೆವರಿ, ಕೈ ನಡುಗಿ, ಪಕ್ಕಕ್ಕೆ ವಾಲಿದರು. ಕೆಲವರು ಅದನ್ನು ಆತ್ಮದ ಸ್ಪರ್ಶ ಅಂದುಕೊಂಡು ಇನ್ನೂ ಜೋರಾಗಿ ಹಾಡಿದರು. ನಾನು ಬೆರಳು ಚುಚ್ಚಿ ನೋಡಿದೆ, ಶುಗರ್ 54. 70ಕ್ಕಿಂತ ಕೆಳಗಿಳಿದರೇ ಅಪಾಯ. ಬೆಳಗ್ಗೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಿಂದು ಊಟ ಬಿಟ್ಟಿದ್ದರು. ಎಚ್ಚರ ಇತ್ತು, ನುಂಗಲು ಆಗುತ್ತಿತ್ತು, ಹಾಗಾಗಿ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. 15 ನಿಮಿಷ ಬಿಟ್ಟು ನೋಡಿದಾಗ 88. ಆಮೇಲೆ ಎರಡು ಚಪಾತಿ ತಿನ್ನಿಸಿದೆವು. "ಉಪವಾಸ ಮುರೀತಲ್ರಿ" ಅಂತ ಅತ್ತರು. ಪಾಸ್ಟರು ಪಕ್ಕದಲ್ಲಿ ಕೂತು, "ಅಮ್ಮಾ, ನೀವು ಬೇಕಾದರೆ ಆ ದಿನ ಟಿವಿ ಬಿಡಿ, ಫೋನ್ ಬಿಡಿ. ಊಟ ಬಿಡಬೇಡಿ" ಅಂದರು. ಈಗ ಪ್ರತಿ ಸಲ ಹಿಂದಿನ ಭಾನುವಾರವೇ ಹೇಳುತ್ತಾರೆ: ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಟಿಬಿ ಮಾತ್ರೆಯವರು ಊಟ ಮಾಡಿಯೇ ಬರಬೇಕು. ಪ್ರಾರ್ಥನೆ ಆಯಿತು, ಇನ್ನು ಮಾತ್ರೆ ಬೇಡ ಅಂತ ಯಾರೂ ಹೇಳಕೂಡದು ಅನ್ನುವುದನ್ನೂ ಸೇರಿಸುತ್ತಾರೆ. ನಾನು ಹತ್ತು ಸಲ ಹೇಳಿದ್ದಕ್ಕಿಂತ ವೇದಿಕೆಯಿಂದ ಅವರು ಒಮ್ಮೆ ಹೇಳಿದರೆ ಜನ ಕೇಳುತ್ತಾರೆ.

ರಾಯಚೂರಿನ ತಂಗಿ ಕೋರ್ಸ್ ಮುಗಿಸಿ ಗುಣವಾದಳು. ಸರ್ಕಾರ ಟಿಬಿ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆ ಕೊಡುವ ಹಣ ಆಗ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಅವಳಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. ಸಭೆಯ ಒಬ್ಬ ಹುಡುಗ ಅರ್ಧ ದಿನ ರಜೆ ಹಾಕಿ ತೆರೆಸಿಕೊಟ್ಟ. ಅದೂ ನನ್ನ ಲೆಕ್ಕದಲ್ಲಿ ಪ್ರಾರ್ಥನೆಯ ಕೆಲಸವೇ.

ಕಳೆದ ತಿಂಗಳು ವಿಕ್ರೋಳಿಯಲ್ಲಿ ಒಬ್ಬ ಹುಡುಗನಿಗೆ ಟಿಬಿ ಮಾತ್ರೆ ಶುರುವಾಯಿತು. ಯಾರು ಬರಲಿ ಅಂತ ಅವನ ಅಮ್ಮನನ್ನು ಕೇಳಿದೆ. "ಮೊದಲು ಈ ಕಾಯಿಲೆ ಕಂಡವರು ಯಾರಾದ್ರೂ ಇದ್ರೆ ಕಳಿಸ್ರಿ" ಅಂದರು. ನಾನು ಹೆಸರು ಹೇಳಲಿಲ್ಲ. ತಂಗಿಯ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು, ದಾರಿಯಲ್ಲಿ ಮೊಟ್ಟೆ ತಗೊಳ್ಳೋಣ ಅಕ್ಕಾ ಅಂದಳು.