ಔಷಧಿ ಹೊಡೆಯುವ ಮೊದಲು ಎಲೆ ಮಗುಚಿ ನೋಡಿ: ಟೊಮೆಟೊ ಕೀಟ ಪತ್ತೆ ಹೇಗೆ?

ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ತೋಟಗಳಲ್ಲಿ ಹುಳು ಕಂಡ ಕೂಡಲೇ ಔಷಧಿ ಕಲಸಲು ಓಡುವವರೇ ಹೆಚ್ಚು. ಆದರೆ ಕೀಟ ಒಂದೇ ಜಾಗದಲ್ಲಿ ಹುಟ್ಟಿ ಬೆಳೆಯುವುದಿಲ್ಲ. ಮೊಟ್ಟೆ ಎಲೆಯ ಮೇಲೆ, ಮರಿ ಕಾಯಿಯೊಳಗೆ, ಕೋಶ (ಹುಳು ಪತಂಗವಾಗುವ ಮುಂಚಿನ ಹಂತ) ಮಣ್ಣಿನಲ್ಲಿ. ಅದು ಎಲ್ಲಿದೆಯೆಂದು ತಿಳಿಯದೆ ಹೊಡೆದರೆ ದುಡ್ಡು ದಂಡ. ಒಂದು ಭೂತಗನ್ನಡಿ ಹಿಡಿದು, ಬಿಸಿಲೇರುವ ಮೊದಲೇ ತೋಟಕ್ಕಿಳಿಯಿರಿ. ಬದುವಿನ ಪಕ್ಕದ ಗಿಡಗಳನ್ನೂ ನಡುವಿನವನ್ನೂ ನೋಡಿ.

ಮೊದಲು ಎಲೆಯ ಅಡಿಭಾಗ. ಮೆಲ್ಲಗೆ ಮಗುಚಿ, ಇಲ್ಲದಿದ್ದರೆ ಬಿಳಿನೊಣ ಹಾರಿಹೋಗುತ್ತದೆ. ನೊಣ ಎಳೆಯ ಎಲೆಗಳಲ್ಲಿ ಕೂತು ಮೊಟ್ಟೆಯಿಡುತ್ತದೆ. ಕೆಳಗಿನ ಎಲೆಗಳಲ್ಲಿ ಅದರ ಮರಿಗಳು ಹಳದಿ ಹುರುಪೆಯಂತೆ ಅಂಟಿಕೊಂಡಿರುತ್ತವೆ. ಮೇಲಿಂದ ಹೊಡೆದ ಔಷಧಿ ಅವಕ್ಕೆ ತಾಗುವುದೇ ಇಲ್ಲ. ಎಲೆ ಮುದುಡು ರೋಗದ ವೈರಸ್ ಹರಡುವುದು ಇದೇ ನೊಣ. ರೋಗ ತಗುಲಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು. ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟುವುದು ಇದಕ್ಕಾಗಿಯೇ.

ಮುಂದೆ ಸುಳಿ ಮತ್ತು ಹೂವು. ಬಿಳಿ ಹಾಳೆಯ ಮೇಲೆ ಹೂವನ್ನು ತಟ್ಟಿ. ಕಡ್ಡಿಯಂಥ ಸಣ್ಣ ಜೀವಿಗಳು ಹರಿದಾಡಿದರೆ ಅವು ಥ್ರಿಪ್ಸ್ ಎಂಬ ರಸ ಹೀರುವ ಕೀಟಗಳು.

ಈಗ ಎಲೆಯ ಒಳಗೆ. ಗೆರೆ ಕಂಡ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಸಣ್ಣಗೆ ಅಂಕುಡೊಂಕಾಗಿ ಸಾಗಿದ ಬಿಳಿ ಗೆರೆಯಿದ್ದರೆ ರಂಗೋಲಿ ಹುಳು. ಅಗಲವಾಗಿ, ಒಣ ಕಾಗದದಂತಾದ ಮಚ್ಚೆ, ಅದರೊಳಗೆ ಕಪ್ಪು ಹಿಕ್ಕೆ ಕಂಡರೆ ಅದು ಟೂಟಾ. ದಕ್ಷಿಣ ಅಮೆರಿಕ ಮೂಲದ ಈ ಕೀಟ ನಮ್ಮ ದೇಶದಲ್ಲಿ ಪತ್ತೆಯಾದದ್ದು 2014ರಲ್ಲಿ. ಇದು ಎಲೆಗೆ ನಿಲ್ಲುವುದಿಲ್ಲ. ಸುಳಿಗೂ ಕಾಯಿಗೂ ಇಳಿಯುತ್ತದೆ. ಕಾಯಿಯ ತೊಟ್ಟಿನ ಹಸಿರು ದಳ ಎತ್ತಿ ನೋಡಿ, ಸೂಜಿ ಚುಚ್ಚಿದಷ್ಟೇ ತೂತು ಕಾಣುತ್ತದೆ. ಹುಳು ಒಳಗಿರುವುದರಿಂದ ಔಷಧಿ ಸುಲಭಕ್ಕೆ ಮುಟ್ಟದು. ಹೆಣ್ಣಿನ ವಾಸನೆ ತೋರಿಸಿ ಗಂಡು ಪತಂಗ ಹಿಡಿಯುವ ಮೋಹಕ ಬಲೆಯನ್ನು ನಾಟಿಯ ಹೊತ್ತಿಗೇ ತೂಗುಹಾಕಿ.

ಕಾಯಿಕೊರಕ ಬೇರೆಯೇ. ಅದರ ಪತಂಗ ಹೂವಿನ ಹತ್ತಿರದ ಎಳೆ ಎಲೆಗಳ ಮೇಲೆ ಒಂದೊಂದೇ ಮೊಟ್ಟೆಯಿಡುತ್ತದೆ. ಮರಿ ಮೊದಲು ಎಲೆ ತಿಂದು, ಆಮೇಲೆ ಕಾಯಿಗೆ ತಲೆ ತೂರಿಸುತ್ತದೆ. ಅರ್ಧ ಮೈ ಹೊರಗೇ ಇರುತ್ತದೆ. ಕಾಯಿಗೆ ಹೋಗುವ ಮೊದಲೇ ಹಿಡಿಯಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೇಳುವ ದಾರಿ ನನಗೆ ತುಂಬ ಮೆಚ್ಚು: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು. ಎರಡೂ ಒಟ್ಟಿಗೆ ಹೂ ಬಿಡಲು ಚೆಂಡು ಹೂವಿನ ಸಸಿ ಸುಮಾರು 45 ದಿನದ್ದು, ಟೊಮೆಟೊ ಸಸಿ 25 ದಿನದ್ದು ಇರಬೇಕು. ಪತಂಗ ಹೂವಿನತ್ತ ಹೋಗಿ ಅಲ್ಲೇ ಮೊಟ್ಟೆಯಿಡುತ್ತದೆ.

ಕೊನೆಗೆ ಮಣ್ಣು. ಕಾಯಿಕೊರಕ ಕೋಶವಾಗುವುದು ಅಲ್ಲೇ. ಟೂಟಾ ಮಣ್ಣಿನಲ್ಲೂ ಒಣಗಿದ ಎಲೆಯಲ್ಲೂ ಕೋಶ ಕಟ್ಟುತ್ತದೆ. ಬೆಳೆ ಮುಗಿದ ಮೇಲೆ ಹಳೆ ಗಿಡ ಹಾಗೇ ಬಿಡದೆ ಕಿತ್ತು, ಆಳವಾಗಿ ಉಳುಮೆ ಮಾಡಿ. ಹುಳುಕು ಕಾಯಿಗಳನ್ನು ದಯವಿಟ್ಟು ಬದುವಿಗೆ ಎಸೆಯಬೇಡಿ. ಒಳಗಿನ ಹುಳು ತೆವಳಿ ಬಂದು ಪಕ್ಕದವರ ತೋಟಕ್ಕೂ ಪತಂಗವಾಗಿ ಹಾರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಬಿಸಿಲಿಗಿಡಿ, ಇಲ್ಲವೇ ಆಳವಾಗಿ ಹೂತುಬಿಡಿ.