ಅಳಲೆಕಾಯಿ ಕಷಾಯದಿಂದ ಕಬ್ಬಿಣಕ್ಕೆ ಕಪ್ಪು ಪೊರೆ: ನನ್ನ ಅನುಭವ

ಅಳಲೆಕಾಯಿ ಕಷಾಯ ಬಳಿದರೆ ಕಬ್ಬಿಣದ ತುಕ್ಕು ನಿಲ್ಲುವುದಿಲ್ಲ ಎಂದು ಪುಣೆ ಬಳಿಯ ಭೋಸರಿಯ ಪೇಂಟ್ ಗುತ್ತಿಗೆದಾರರು ವಾದಿಸುತ್ತಿದ್ದರು. ಗೋವಾದ ವಾಸ್ಕೋದ ಉಪ್ಪುಗಾಳಿಯಲ್ಲಿ ಮಳೆಗಾಲ ದಾಟಿದ, ನಾನು ಹೀಗೆ ಬಳಿದ ಗ್ರಿಲ್ ನೋಡಿದ ಮೇಲೆ ಅವರೇ ಅಳತೆ ಕೇಳುತ್ತಿದ್ದಾರೆ.

ಬೀಜ ತೆಗೆದ ಸಿಪ್ಪೆಯೇ ಬೇಕು, ಕಬ್ಬಿಣದೊಡನೆ ಕೂಡಿ ಕಪ್ಪು ಪೊರೆಯಾಗುವ ಒಗರು ಅಂಶ, ಅಂದರೆ ಟ್ಯಾನಿನ್, ಇರುವುದು ಅದರಲ್ಲಿ. ಜುನ್ನರ್ ಕಡೆಯ ಮಾಲು ಕಿಲೋಗೆ ಸುಮಾರು 200 ರೂಪಾಯಿಗೆ ಸಿಕ್ಕಿತು. ಸಿಪ್ಪೆಯನ್ನು ತರಿಯಾಗಿ ಕುಟ್ಟಿ ಕಿಲೋಗೆ 10 ಲೀಟರ್ ನೀರು, 65–70 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ. ಪಾತ್ರೆ ಸ್ಟೀಲಿನದೇ ಇರಲಿ, ಕಬ್ಬಿಣದ್ದಾದರೆ ಅಲ್ಲೇ ಶಾಯಿಯಾಗುತ್ತದೆ. ಸೋಸಿದ ತಿಳಿಗೆ ಲೀಟರಿಗೆ 10 ಮಿ.ಲೀ. ಫಾಸ್ಫಾರಿಕ್ ಆಸಿಡ್ (85%), 50 ಮಿ.ಲೀ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್). ಪಿಎಚ್ (ಹುಳಿಯ ಅಳತೆ) ಒಂದೂವರೆಯಿಂದ ಎರಡರೊಳಗೆ ಇರಬೇಕು. ಆಸಿಡ್ ಹೆಚ್ಚಾದರೆ ಬೂದುಬಣ್ಣದ ಅಂಟು ಉಳಿದು ಒಣಗುವುದೇ ಇಲ್ಲ. ಎರಡು ಕೋಟ್ ಬಳಿಯಲು ಚದರ ಮೀಟರಿಗೆ ಕಷಾಯದ ಖರ್ಚು ಎಂಟು ರೂಪಾಯಿ ದಾಟಲಿಲ್ಲ. ದುಡ್ಡೆಲ್ಲ ಹೋಗುವುದು ತೊಳೆಯುವ ಕೂಲಿಗೆ.

ಕೆಲಸ ಕೆಡುವುದೂ ತೊಳೆಯುವಲ್ಲೇ. ತುಕ್ಕಿನ ಅಡಿ ಉಪ್ಪಿನ ಕ್ಲೋರೈಡ್ ಉಳಿದರೆ ವಾರದೊಳಗೆ ಪೊರೆ ಸೀಳಿ ಕಂದು ಚುಕ್ಕೆ ಏಳುತ್ತದೆ. ಹಕ್ಕಳೆಯನ್ನು ತಂತಿ ಬ್ರಷ್‌ನಿಂದ ಕೆರೆದು ಸಿಹಿನೀರಿನಲ್ಲಿ ಮೂರ್ನಾಲ್ಕು ಸಲ, ಕೊನೆಗೆ ಬ್ಯಾಟರಿ ನೀರಿನಲ್ಲಿ (ಬ್ಯಾಟರಿಗೆ ಹಾಕುವ, ಲವಣ ತೆಗೆದ ಶುದ್ಧ ನೀರು) ತೊಳೆಯಿರಿ. ಕ್ಲೋರೈಡ್ ಹೋಯಿತೇ ಎಂದು ತಿಳಿಯಲು ಈ ಕೊನೆಯ ತೊಳೆತದಲ್ಲಿ ಇಳಿದ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣ ಒಂದು ಹನಿ ಬಿಡಿ. ಹಾಲಿನಂತೆ ಮಬ್ಬಾದರೆ ಮತ್ತೆ ತೊಳೆಯಿರಿ. ನಲ್ಲಿ ನೀರು ತಾನಾಗಿಯೇ ಮಬ್ಬಾಗುವುದರಿಂದ, ಅದರಲ್ಲಿ ತೊಳೆದು ಪರೀಕ್ಷಿಸಿದರೆ ಏನೂ ತಿಳಿಯದು.

ಸ್ಯಾಂಡ್‌ಬ್ಲಾಸ್ಟ್ ಮಾಡಿ (ಮರಳು ಚಿಮ್ಮಿಸಿ) ತುಕ್ಕೆಲ್ಲ ತೆಗೆದ ಹೊಳೆಯುವ ತಗಡಿನ ಮೇಲೆ ಪೊರೆ ಬೆರಳಿಗೇ ಪುಡಿಯಾಗಿ ಬಂತು. ಟ್ಯಾನಿನ್ ಕಪ್ಪಾಗಿ ಗಟ್ಟಿಯಾಗಲು ಫೆರಿಕ್ ಕಬ್ಬಿಣ ಬೇಕು, ಅದು ಸಿಗುವುದು ತುಕ್ಕಿನಲ್ಲಿ. ಅಂಥ ತಗಡನ್ನು ಬ್ಯಾಟರಿ ನೀರಲ್ಲಿ ನೆನೆಸಿ ರಾತ್ರಿ ನೇತುಹಾಕಿದರೆ, ಬೆಳಿಗ್ಗೆ ಬರುವ ತೆಳು ಕೆಂಪು ಸಾಕು. ಕೋಟುಗಳ ನಡುವೆ ಒಂದು ದಿನ ಬಿಡಿ. ಎರಡನೇ ಕೋಟ್‌ಗೆ ನಾನು ಬೆರೆಸುವುದು ಇನ್ನೊಂದಿದೆ, ಅದು ಸದ್ಯ ನನ್ನಲ್ಲೇ ಇರಲಿ.

ಪೊರೆ ತುಕ್ಕು ತಡೆಯುತ್ತದೆಯೇ ಎಂದು ಪರೀಕ್ಷಿಸಲು ಮಲ್ಟಿಮೀಟರ್, ತುತ್ತದ (ಕಾಪರ್ ಸಲ್ಫೇಟ್) ಗಾಢ ದ್ರಾವಣದಲ್ಲಿ ಅದ್ದಿದ ತಾಮ್ರದ ತಂತಿ ಸಾಕು; ಆ ತಂತಿಗೆ ಹೋಲಿಸಿ ತಗಡಿನ ವೋಲ್ಟ್ ಅಳೆಯುವುದು, ಅದು ಮೈನಸ್‌ನಲ್ಲಿ ಕೆಳಗಿಳಿದಷ್ಟೂ ತುಕ್ಕಿನ ಸಂಭವ ಹೆಚ್ಚು. 3.5% ಉಪ್ಪುನೀರಿನಲ್ಲಿ ಬರಿ ತಗಡು ಬೇಗನೆ ಮೈನಸ್ 0.7 ವೋಲ್ಟ್ ಹತ್ತಿರ ಇಳಿಯಿತು. ಪೊರೆಯದು ಮೈನಸ್ 0.5ರ ಆಸುಪಾಸು ಬಹಳ ಹೊತ್ತು ನಿಂತಿತು. ಅಳಲೆಯ ಬದಲು ಜಾಲಿ ತೊಗಟೆಯನ್ನೂ ಬಳಸಿ ನೋಡಿದೆ: ಹಸಿರುಗಪ್ಪು ಬಂತು, ಹಿಡಿತ ಕಡಿಮೆ.

ಬರಿ ಪೊರೆ ಮಳೆಗೆ ನಿಲ್ಲದು, ವಾರದೊಳಗೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಅಲ್ಲಿಯವರೆಗೆ ಸುಣ್ಣ, ಸಿಮೆಂಟ್ ನೀರು ತಾಗಿಸಬೇಡಿ. ಕ್ಷಾರಕ್ಕೆ ಪೊರೆ ಕರಗುತ್ತದೆ.