ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಗೋವಾ ತಂಡದ ಬೆನ್ನು ಕಾಯ್ದ ಬಗೆ: ನನ್ನ ಅನುಭವ

ತಂಡವೊಂದರ ಮ್ಯಾನೇಜರ್ ಆಗಿ ತಂತ್ರ ಹೂಡುವ ಕಂಪ್ಯೂಟರ್ ಆಟ ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಬಿಟ್ಟುಕೊಡುವ ಗೋಲುಗಳನ್ನು ಕಡಿಮೆ ಮಾಡಬೇಕೆಂದರೆ ಹೆಚ್ಚಿನವರು ಮೊದಲು ಕೈಹಾಕುವುದು ಮೆಂಟಾಲಿಟಿಗೆ, ಅಂದರೆ ತಂಡ ಎಷ್ಟು ಮುನ್ನುಗ್ಗಬೇಕು, ಎಷ್ಟು ಎಚ್ಚರದಿಂದಿರಬೇಕು ಎಂಬ ಸೂಚನೆಗೆ. ಅದನ್ನು ‘ಡಿಫೆನ್ಸಿವ್’ ಮಾಡಿ, ಹಿಂಬದಿಯ ಸಾಲನ್ನು ಪೆನಾಲ್ಟಿ ಬಾಕ್ಸಿನ ಅಂಚಿಗೆ ಇಳಿಸಿ, ಇನ್ನು ಕೋಟೆ ಭದ್ರವಾಯಿತೆಂದು ನೆಮ್ಮದಿಯಾಗುತ್ತಾರೆ. ನಾನು ಮೆಂಟಾಲಿಟಿಯನ್ನು ‘ಬ್ಯಾಲೆನ್ಸ್ಡ್’ನಲ್ಲೇ ಬಿಟ್ಟೆ. ನನ್ನ ಕೆಲಸವೆಲ್ಲ ನಡೆದದ್ದು ಎರಡು ಗೆರೆಗಳ ನಡುವಿನ ಅಂತರದಲ್ಲಿ: ಒಂದು, ನಮ್ಮ ಡಿಫೆಂಡರ್‌ಗಳು ನಿಲ್ಲುವ ಗೆರೆ (ಡಿಫೆನ್ಸಿವ್ ಲೈನ್), ಇನ್ನೊಂದು, ಚೆಂಡು ಇಟ್ಟುಕೊಂಡ ಎದುರಾಳಿಯನ್ನು ನಮ್ಮವರು ಅಡ್ಡಗಟ್ಟಲು ಆರಂಭಿಸುವ ಗೆರೆ (ಎಂಗೇಜ್‌ಮೆಂಟ್ ಗೆರೆ).

ಆಡಿಸಿದ್ದು 2024ರ ಆವೃತ್ತಿಯಲ್ಲಿ, ಎಫ್‌ಸಿ ಗೋವಾ ತಂಡವನ್ನು. ಕರ್ನಾಟಕದವನಾಗಿ ಬೆಂಗಳೂರನ್ನು ಬಿಟ್ಟು ಗೋವಾವನ್ನೇಕೆ ಆಯ್ದುಕೊಂಡೆನೆಂದು ಘಟ್ಟದ ಮೇಲಿನ ಗೆಳೆಯರು ಕೇಳುವುದುಂಟು. ಕಾರವಾರದಿಂದ ಸದಾಶಿವಗಡ, ಮಾಜಾಳಿ ದಾಟಿದರೆ ಗೋವಾದ ಗಡಿಯೇ ಸಿಗುತ್ತದೆ. ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣಕ್ಕೆ ಹೋಗಿ ಪಂದ್ಯ ನೋಡಿ ರಾತ್ರಿ ಮನೆಗೆ ಮರಳಬಹುದು, ಬೆಂಗಳೂರಿಗೆ ಹಾಗೆ ಹೋಗಿಬರಲಾಗದು. ಅಭಿಮಾನ ಎಷ್ಟೋ ಸಲ ರಸ್ತೆ ಹೇಳಿದಂತೆ ಕೇಳುತ್ತದೆ.

ಮೈದಾನದಲ್ಲಿ ಎದುರಾಳಿಗೆ ನಿಜವಾಗಿ ಬೇಕಾಗಿರುವುದು ನಮ್ಮ ಮಿಡ್‌ಫೀಲ್ಡ್‌ಗೂ ಡಿಫೆನ್ಸ್‌ಗೂ ನಡುವಿನ ಜಾಗ. 1980ರ ದಶಕದ ಕೊನೆಯಲ್ಲಿ ಇಟಲಿಯ ತರಬೇತುದಾರ ಅರ್ರಿಗೊ ಸಾಕ್ಕಿ ತಮ್ಮ ಮಿಲಾನ್ ತಂಡದ ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಸುಮಾರು 25 ಮೀಟರ್‌ಗಿಂತ ಹೆಚ್ಚು ಅಂತರವಿರಬಾರದೆಂದು ಹಟ ಹಿಡಿದದ್ದು ಈ ಜಾಗವನ್ನು ಮುಚ್ಚುವುದಕ್ಕಾಗಿಯೇ. ಆ ತಂಡ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಆಟದಲ್ಲಿ ಡಿಫೆನ್ಸಿವ್ ಲೈನನ್ನು ತೀರಾ ಕೆಳಗಿಳಿಸಿ, ಎಂಗೇಜ್‌ಮೆಂಟ್ ಗೆರೆಯನ್ನು ಮಾತ್ರ ‘ಹೈ ಪ್ರೆಸ್’ನಲ್ಲಿ ಇಟ್ಟರೆ ಸ್ಟ್ರೈಕರ್ ಒಬ್ಬನೇ ಅಲ್ಲೆಲ್ಲೋ ಓಡಾಡುತ್ತಾನೆ, ಡಿಫೆಂಡರ್‌ಗಳು ಇಲ್ಲೆಲ್ಲೋ ಅಂಟಿಕೊಂಡಿರುತ್ತಾರೆ, ನಡುವೆ ಎದುರಾಳಿಯ ದಾಳಿ ಹೆಣೆಯುವ ಪ್ಲೇಮೇಕರ್ ತಿರುಗಿ ನಿಂತು ಆರಾಮವಾಗಿ ಪಾಸ್ ಆರಿಸಿಕೊಳ್ಳುತ್ತಾನೆ. ನಮ್ಮ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವಾಗ ಎರಡೂ ತುದಿಯವರು ಒಂದೇ ಲಯದಲ್ಲಿ ಎಳೆಯದಿದ್ದರೆ ಮೀನು ತಪ್ಪಿಸಿಕೊಳ್ಳುವಂತೆಯೇ ಇದೂ. ನಾನು ಡಿಫೆನ್ಸಿವ್ ಲೈನನ್ನು ‘ಸ್ಟ್ಯಾಂಡರ್ಡ್’ನಲ್ಲಿ, ಎಂಗೇಜ್‌ಮೆಂಟನ್ನು ‘ಮಿಡ್ ಬ್ಲಾಕ್’ನಲ್ಲಿ ಇಟ್ಟೆ, ಬಲಿಷ್ಠ ತಂಡ ಎದುರಾದಾಗ ಎಂಗೇಜ್‌ಮೆಂಟನ್ನು ‘ಲೋ ಬ್ಲಾಕ್’ಗೆ ಇಳಿಸಿದರೂ ಹಿಂದಿನ ಸಾಲನ್ನು ಅಲ್ಲಾಡಿಸಲಿಲ್ಲ. ಮೆಂಟಾಲಿಟಿ ಬದಲಾದರೆ ಈ ಗೆರೆಗಳೂ ತಾವಾಗಿಯೇ ಸರಿಯುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರಿಗೆ ಪಂದ್ಯದ ನಡುವೆ ತಂಡ ಏಕೆ ಹರಿದುಹೋಯಿತೆಂಬುದು ತಿಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಈ ಆವೃತ್ತಿಯಲ್ಲಿ ಆಡುವವರು ಸದಾ ನೆನಪಿಡಬೇಕು: ತಂತ್ರದ ಹಲಗೆಯ ಮೇಲೆ ಕಾಣುವ ವ್ಯೂಹವು ಚೆಂಡು ನಮ್ಮ ಬಳಿ ಇಲ್ಲದಿರುವಾಗಿನ ವ್ಯೂಹ. 4-2-3-1ರಲ್ಲಿ (ಅಂಕಿಗಳು ಹಿಂದಿನಿಂದ ಮುಂದಕ್ಕೆ ಒಂದೊಂದು ಸಾಲಿನ ಆಟಗಾರರ ಸಂಖ್ಯೆ) ಬದಿಯಲ್ಲಿ ಆಡುವ ವಿಂಗರ್‌ಗಳನ್ನು ಅಟ್ಯಾಕಿಂಗ್ ಮಿಡ್‌ಫೀಲ್ಡ್ ಸಾಲಿನಲ್ಲಿ ಇರಿಸಿದರೆ ಅವರು ರಕ್ಷಣೆಯ ಹೊತ್ತಿನಲ್ಲೂ ಅಲ್ಲೇ ಮೇಲೆ ಉಳಿಯುವುದು ಹೆಚ್ಚು, ಅವರ ಹಿಂದಿರುವ ಫುಲ್ ಬ್ಯಾಕ್, ಅಂದರೆ ಬದಿಯ ಡಿಫೆಂಡರ್, ಇಬ್ಬರು ಎದುರಾಳಿಗಳನ್ನು ಒಬ್ಬನೇ ನೋಡಿಕೊಳ್ಳಬೇಕಾಗುತ್ತದೆ. ನಾನು 4-1-4-1ಕ್ಕೆ ಹೋಗಿ ಇಬ್ಬರನ್ನೂ ವೈಡ್ ಮಿಡ್‌ಫೀಲ್ಡ್‌ಗೆ ಇಳಿಸಿ, ಡಿಫೆಂಡರ್‌ಗಳ ಮುಂದೆ ಜಾಗ ಬಿಟ್ಟು ಕದಲದ ‘ಆ್ಯಂಕರ್’ ಪಾತ್ರದ ಆಟಗಾರನೊಬ್ಬನನ್ನು ನಿಲ್ಲಿಸಿದೆ.

ಆ ಆ್ಯಂಕರ್‌ನ ಜಾಗಕ್ಕೆ ವಿದೇಶಿ ಆಟಗಾರನನ್ನೇ ತಂದೆ. 2021-22ರ ಸೀಸನ್‌ನಿಂದ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಯರಷ್ಟೇ ಮೈದಾನದಲ್ಲಿರಬಹುದು. ಸಾಮಾನ್ಯವಾಗಿ ಈ ನಾಲ್ಕು ಜಾಗಗಳು ಸ್ಟ್ರೈಕರ್‌ಗೂ ಪ್ಲೇಮೇಕರ್‌ಗೂ ಹೋಗಿಬಿಡುತ್ತವೆ. ನಾನು ಎರಡನ್ನು ಬೆನ್ನೆಲುಬಿಗೆ ಕೊಟ್ಟೆ, ಒಬ್ಬ ಸೆಂಟರ್ ಬ್ಯಾಕ್ ಮತ್ತು ಈ ಆ್ಯಂಕರ್. ಆಟದಲ್ಲಿ ಗುಣಗಳಿಗೆ 1ರಿಂದ 20ರವರೆಗೆ ಅಂಕವಿದೆ. ಸೆಂಟರ್ ಬ್ಯಾಕ್‌ಗೆ ಟ್ಯಾಕ್ಲಿಂಗ್, ಹೆಡಿಂಗ್ ನೋಡಿ ಮರುಳಾಗುವವರು ಆ್ಯಂಟಿಸಿಪೇಶನ್, ಪೊಸಿಷನಿಂಗ್, ಕಾನ್ಸಂಟ್ರೇಶನ್ ಈ ಮೂರನ್ನು ನೋಡುವುದು ಕಡಿಮೆ. ಕಾನ್ಸಂಟ್ರೇಶನ್ ಕಡಿಮೆಯಿರುವವನು ಎಪ್ಪತ್ತು ನಿಮಿಷ ಚೆನ್ನಾಗಿ ಆಡಿ, ಕೊನೆಯ ಗಳಿಗೆಯಲ್ಲಿ ತನ್ನ ಬೆನ್ನ ಹಿಂದೆ ಓಡುವವನನ್ನು ಮರೆತುಬಿಡುತ್ತಾನೆ. ನಮ್ಮ ಸೆಂಟರ್ ಬ್ಯಾಕ್‌ಗಳ ಪೇಸ್ (ಓಟದ ವೇಗ) ಕಡಿಮೆಯಿದ್ದುದರಿಂದ, ಸಾಲಾಗಿ ಮುಂದೆ ಸರಿದು ಎದುರಾಳಿಯನ್ನು ಆಫ್‌ಸೈಡಿಗೆ ಸಿಕ್ಕಿಸುವ ಆಫ್‌ಸೈಡ್ ಟ್ರ್ಯಾಪ್ ಅನ್ನು ನಾನು ಮುಟ್ಟಲೇ ಇಲ್ಲ. ಟ್ಯಾಕ್ಲಿಂಗ್‌ಗೆ ‘ಸ್ಟೇ ಆನ್ ಫೀಟ್’ (ಜಾರಿಬಿದ್ದು ಕಾಲು ಚಾಚದೆ ನಿಂತೇ ಚೆಂಡು ಕಸಿಯುವ) ಸೂಚನೆ ಕೊಟ್ಟೆ. ಹಳದಿ ಕಾರ್ಡು ಕಂಡ ಡಿಫೆಂಡರ್‌ನನ್ನು ಇಟ್ಟುಕೊಂಡು ಪಂದ್ಯ ಮುಗಿಸುವುದು ಬೇಡದ ತಲೆನೋವು.

ಪಂದ್ಯ ನೋಡುವ ಕ್ರಮವೂ ತಂತ್ರದ ಭಾಗವೇ. ‘ಕೀ ಹೈಲೈಟ್ಸ್’ನಲ್ಲಿ ಗೋಲು ಮತ್ತು ಮುಖ್ಯ ಕ್ಷಣಗಳಷ್ಟೇ ಕಾಣುತ್ತವೆ, ಅದಕ್ಕೆ ದಾರಿಯಾದ ಬಿರುಕು ಅಷ್ಟಾಗಿ ಕಾಣುವುದಿಲ್ಲ, ನಾನು ಹೆಚ್ಚು ಭಾಗ ತೋರಿಸುವ ‘ಕಾಂಪ್ರಿಹೆನ್ಸಿವ್’ನಲ್ಲಿ ನೋಡುತ್ತಿದ್ದೆ. (ನಡೆಯುತ್ತಿರುವ ಪಂದ್ಯವನ್ನು ಆಟ ಸೇವ್ ಮಾಡಿಕೊಳ್ಳುವುದಿಲ್ಲ, ಆದುದರಿಂದ ಮಳೆಗಾಲದಲ್ಲಿ ಕರೆಂಟು ನಂಬಲಾಗದ ನಮ್ಮಂಥ ಊರಿನವರಿಗೆ ಯುಪಿಎಸ್ ಕೂಡ ಡಿಫೆನ್ಸಿನ ಸಾಮಾನೇ.) ಹೀಗೆ ನೋಡುವಾಗ ಒಂದೇ ಬಗೆಯ ಅಪಾಯ ಮತ್ತೆ ಮತ್ತೆ ಎದುರಾಯಿತು: ಚೆಂಡು ನಮ್ಮ ಎಡಬದಿಯಲ್ಲಿರುವಾಗ ನಮ್ಮ ನಾಲ್ವರೂ ಆ ಕಡೆ ಸರಿಯುತ್ತಿದ್ದರು, ಬಲ ಫುಲ್ ಬ್ಯಾಕ್ ಗೋಲಿನ ಮುಂದಕ್ಕೆ ಬರುತ್ತಿದ್ದ, ಕ್ರಾಸ್ ಅವನ ತಲೆಯ ಮೇಲಿಂದ ಹಾದು ದೂರದ ಕಂಬದ ಬಳಿ ಯಾರೂ ಕಾಯದ ವಿಂಗರ್‌ಗೆ ಸಿಗುತ್ತಿತ್ತು. ಬಲ ವೈಡ್ ಮಿಡ್‌ಫೀಲ್ಡರ್‌ಗೆ ‘ಡಿಫೆಂಡ್’ ಡ್ಯೂಟಿ ಕೊಟ್ಟು, ‘ಸ್ಟಾಪ್ ಕ್ರಾಸಸ್’ ಆಯ್ದು, ಎದುರಾಳಿಯ ಕ್ರಾಸ್ ಹಾಕುವವನನ್ನು ಅವನ ದುರ್ಬಲ ಕಾಲಿಗೆ ತಳ್ಳುವಂತೆ ಆಪೊಸಿಷನ್ ಇನ್‌ಸ್ಟ್ರಕ್ಷನ್ ಹಾಕಿದ ಮೇಲೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ದಾಳಿಯ ಬಲ ಕುಗ್ಗಿತು ನಿಜ, ಆ ಬೆಲೆ ತೆರಲು ನಾನು ಸಿದ್ಧನಿದ್ದೆ.

ಕಾರ್ನರ್‌ಗಳ ವಿಷಯದಲ್ಲಿ ಗೋವಾ ಅಭಿಮಾನಿಗೆ ಹಳೆಯ ಗಾಯವಿದೆ. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿನ ರಾಹುಲ್ ಭೇಕೆ ಕಾರ್ನರ್‌ಗೆ ತಲೆಕೊಟ್ಟು ಗೋಲು ಹೊಡೆದರು, ಗೋವಾ 0-1ರಿಂದ ಸೋತಿತು. ಆದುದರಿಂದ ಹತ್ತಿರದ ಕಂಬದ ವಲಯಕ್ಕೆ ಜಂಪಿಂಗ್ ರೀಚ್ (ಜಿಗಿದು ತಲುಪುವ ಎತ್ತರ) ಹೆಚ್ಚಿರುವವನನ್ನು ಕಾಯಲು ಬಿಟ್ಟು, ಎದುರಾಳಿಯ ಅತಿ ಎತ್ತರದ ಇಬ್ಬರಿಗೆ ಮಾತ್ರ ಆಳಿಗೆ ಆಳು ಹಾಕಿ, ವೇಗದ ಒಬ್ಬನನ್ನು ಅರ್ಧ ಗೆರೆಯ ಬಳಿ ಉಳಿಸಿದೆ. ಅವನ ಭಯಕ್ಕೆ ಎದುರಾಳಿ ಇಬ್ಬರನ್ನಾದರೂ ಹಿಂದೆ ನಿಲ್ಲಿಸಬೇಕಾಗುತ್ತದೆ.

2026ರ ಆವೃತ್ತಿಯಲ್ಲಿ ಚೆಂಡು ನಮ್ಮಲ್ಲಿರುವಾಗ ಒಂದು, ಇಲ್ಲದಿರುವಾಗ ಇನ್ನೊಂದು ಎಂದು ಎರಡು ವ್ಯೂಹಗಳನ್ನು ಬೇರೆಬೇರೆಯಾಗಿ ಹಾಕಬಹುದು. ಈಗ ವಿಂಗರ್‌ಗಳನ್ನು ದಾಳಿಯಲ್ಲಿ ಮೇಲಕ್ಕೆ ಬಿಟ್ಟು, ರಕ್ಷಣೆಗೆ ಮಾತ್ರ ಅದೇ 4-1-4-1ಕ್ಕೆ ಇಳಿಸುವ ಪ್ರಯೋಗ ನಡೆಸುತ್ತಿದ್ದೇನೆ. ಮೇಲಿನಿಂದ ಹಿಂದಕ್ಕೆ ಓಡಿಬರಬೇಕಾದ ಆ ಇಬ್ಬರ ವರ್ಕ್ ರೇಟ್ ಮತ್ತು ಸ್ಟಾಮಿನಾ ಸಾಲದಿದ್ದರೆ ಹಲಗೆಯ ಮೇಲಿನ ವ್ಯೂಹ ಹಲಗೆಯ ಮೇಲೆಯೇ ಉಳಿಯುತ್ತದೆ.